ತೂತು ಎರಡು, ಡಿ ಮೂರು

ನಮ್ಮ ಬೆಂಗಳೂರಲ್ಲಿ ಈಗ ನೆಲ ಹೇಗಿದೆ ಅಂತ ನೋಡೋಕೆ ಯಾರೂ ನೆಲ ಅಗೆಯಲ್ಲ ಸ್ವಾಮಿ, ಮೌಸ್ ತಿರುಗಿಸ್ತಾರೆ. ಮೊನ್ನೆ ಒಂದು ಮೀಟಿಂಗಲ್ಲಿ ಕೂತಿದ್ದೆ, ಮೂರು ಬೇಸ್‌ಮೆಂಟಿನ ಕಟ್ಟಡ, ಗೋಡೆ ತುಂಬಾ ಸ್ಕ್ರೀನು, ಅದರಲ್ಲಿ ಮಣ್ಣು ಚಿರೋಟಿ ಥರ ಪದರ ಪದರವಾಗಿ ಗಿರಗಿರ ತಿರುಗ್ತಾ ಇದೆ. ನಾವು ಬೇಸ್‌ಮೆಂಟಿಗೆ ಗುಂಡಿ ತೋಡಿದ್ರೆ ಪಕ್ಕದ ಮನೆ ಕುಸಿಯೋದು 12.47 ಮಿಲಿಮೀಟರ್ ಅಂತೆ. ಆ .47 ನೋಡಿ ಎಲ್ಲರೂ ತಲೆದೂಗಿದ್ರು. ಎರಡು ಎಕರೆಗೆ ಹಾಕಿರೋ ಬೋರ್‌ಹೋಲ್, ಅಂದ್ರೆ ಮಣ್ಣು ಪರೀಕ್ಷೆಗೆ ಕೊರೆಯೋ ತೂತು, ಎಷ್ಟಪ್ಪಾ ಅಂದ್ರೆ, ಎರಡು.

ಆ ಎರಡರ ಕಥೆನೂ ಕೇಳಿ. 63.5 ಕೆಜಿ ಸುತ್ತಿಗೆ 75 ಸೆಂಟಿಮೀಟರ್ ಎತ್ತರದಿಂದ ಬೀಳ್ಬೇಕು, ತೂತಲ್ಲಿಟ್ಟ ಕೊಳವೆ ಮಣ್ಣೊಳಗೆ 30 ಸೆಂಟಿಮೀಟರ್ ಇಳಿಯೋಕೆ ಎಷ್ಟು ಏಟು ಅಂತ ಎಣಿಸ್ಬೇಕು, ಅದೇ ಎನ್ ವ್ಯಾಲ್ಯೂ, ಏಟು ಜಾಸ್ತಿ ಆದಷ್ಟೂ ಮಣ್ಣು ಗಟ್ಟಿ ಅಂತ ಲೆಕ್ಕ. ಹಗ್ಗ ಎಳೆಯೋ ಹುಡುಗನಿಗೆ ಮಧ್ಯಾಹ್ನದ ಮೇಲೆ ಕೈಸೋತು 75 ಹೋಗಿ 50 ಆಗತ್ತೆ, ಏಟು ಜಾಸ್ತಿ ಬೇಕಾಗತ್ತೆ, ಹಾಗಾಗಿ ನಮ್ಮೂರ ಮಣ್ಣು ಊಟ ಆದ್ಮೇಲೆ ಗಟ್ಟಿ. ಇನ್ನು ಒಂದು ಗುಂಡುಕಲ್ಲು ಸಿಕ್ತು ಅನ್ನಿ, ರಿಫ್ಯೂಸಲ್, ಅಂದ್ರೆ ಇನ್ನು ಕೆಳಗೆ ಇಳಿಯಲ್ಲ, ಅಂತ ಬರೆದು ಕೊರೆಯೋ ರಿಗ್ ಎತ್ತಿದ್ರು. ಲಾಲ್‌ಬಾಗ್ ಬಂಡೆ ಜಾತಿಯ ಶಿಲೆ ನಮ್ಮದು, ಸುಮಾರು 300 ಕೋಟಿ ವರ್ಷ ಹಳೇದು, ಮೇಲ್ಮೇಲೆ ಕೊಳೆತು ಮಣ್ಣಾಗಿ ಮಧ್ಯೆ ಅಲ್ಲಲ್ಲಿ ಗುಂಡು ಉಳಿಸ್ಕೊಂಡಿರತ್ತೆ, ಗುಂಡಿನ ಕೆಳಗೆ ಮತ್ತೆ ಮೆತ್ತನೆ ಮಣ್ಣು. ಸ್ಕ್ರೀನ್ ಮೇಲಿನ ಕಂಪ್ಯೂಟರ್ ಮಾಡೆಲ್‌ಗೆ ಅದೆಲ್ಲ ಯಾಕೆ, ಎರಡು ತೂತಿನ ಮಧ್ಯೆ ಸ್ಕೇಲ್ ಇಟ್ಟ ಹಾಗೆ ಗೆರೆ ಎಳೆಯತ್ತೆ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಜಾಗದಲ್ಲಿ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಜಾಗದಲ್ಲಿ ಸಂಪಂಗಿ ಕೆರೆ ಇದ್ದ ಊರಿದು, ಆ ಗೆರೆ ಯಾವ ಕೆರೆ ದಾಟ್ಕೊಂಡು ಹೋಯ್ತೋ ಶಿವನೇ ಬಲ್ಲ.

"ಇನ್ನೊಂದ್ನಾಲ್ಕು ಬೋರ್ ಹಾಕ್ಸೋಣ ಸಾರ್" ಅಂದೆ.

"ದುಡ್ಡೆಲ್ಲಿದೆ ರೀ, ಸಾಫ್ಟ್‌ವೇರ್ ಲೈಸೆನ್ಸಿಗೇ ಹೋಯ್ತು."

ಸಿಂಗಪುರದ ಕಥೆ ತೆಗೆದೆ. ಅಲ್ಲಿ ನಿಕೋಲ್ ಹೈವೇ ಹತ್ರ 2004ರ ಏಪ್ರಿಲ್ 20ಕ್ಕೆ ಸುಮಾರು 30 ಮೀಟರ್ ಆಳದ ಮೆಟ್ರೋ ಗುಂಡಿ ಕುಸಿದು 4 ಜನ ಹೋದ್ರು, ಕಾರಣಗಳಲ್ಲಿ ಒಂದು, ಕಂಪ್ಯೂಟರ್ ಲೆಕ್ಕದಲ್ಲಿ ಮೆತ್ತನೆ ಜೇಡಿಗೆ ಇಲ್ಲದ ಬಲ ಕೊಟ್ಟಿದ್ದು. ಸಾಫ್ಟ್‌ವೇರ್ ಪಾಪ ಹೇಳಿದಷ್ಟೇ ಲೆಕ್ಕ ಮಾಡ್ತು.

"ಅದು 2ಡಿ ಕಣ್ರೀ, ನಮ್ಮದು 3ಡಿ" ಅಂದ್ರು.

ಅಷ್ಟರಲ್ಲಿ ದೊಡ್ಡ ಸಾಹೇಬ್ರು ಬಂದ್ರು. ಪಕ್ಕದ ಮನೆ ಕೆಳಗೆ ಒಂದು ಕೆಂಪು ಮಚ್ಚೆ ಕಾಣ್ತಿತ್ತು. "ಏನ್ರೀ ಅದು ಕೆಂಪಗೆ, ನೋಡೋಕೆ ಚೆನ್ನಾಗಿಲ್ಲ" ಅಂದ್ರು. ಮೌಸ್ ಹಿಡಿದಿದ್ದ ಹುಡುಗ ಬಣ್ಣದ ಪಟ್ಟೀಲಿ ಕೆಂಪು ಬರೋ ಮ್ಯಾಕ್ಸಿಮಮ್ 12.5 ಮಿಲಿಮೀಟರ್ ಇದ್ದಿದ್ದನ್ನ 100 ಮಾಡ್ದ. ಇಡೀ ಸೈಟು ತಣ್ಣಗೆ ನೀಲಿ ಆಯ್ತು. ಸಾಹೇಬ್ರು "ಹಾಂ, ಈಗ ಸರಿ" ಅಂದ್ರು, ಬೋಂಡಾ ಕಾಫಿ ಬಂತು.