ಅರ್ಜಿಗೆ ಕೊಳಲು ಲಗತ್ತಿಸಿರಿ

ಹಳ್ಳ ದಾಟುವ ಕಾಲುಸಂಕದ ಸಾಕ್ಷ್ಯಚಿತ್ರ ನೋಡಿ ನಮ್ಮ ಜನಪ್ರತಿನಿಧಿಗಳು ಕಣ್ಣೊರೆಸಿಕೊಂಡ ಫೋಟೊ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಶಿವಮೊಗ್ಗದ ಎ.ಸಿ. ಹಾಲ್, ಮುಂದಿನ ಸಾಲಿನ ಸೋಫಾ, ಟೀಪಾಯಿ ಮೇಲೆ ಗೋಡಂಬಿ ತಟ್ಟೆ, ಕೈಯಲ್ಲಿ ಇಸ್ತ್ರಿ ಕೆಡದ ಕರ್ಚೀಫು. ಪರದೆ ಮೇಲೆ ಹೊಸನಗರ ಕಡೆಯ ಅಜ್ಜಿಯೊಬ್ಬರು ಅಡಿಕೆ ದಬ್ಬೆ ಹಾಸಿದ ಸಂಕದ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಿದ್ದಾರೆ, ಕೆಳಗೆ ಕೆಂಪು ನೀರು ಬೋರ್ಗರೆಯುತ್ತಿದೆ, ಹಿನ್ನೆಲೆಯಲ್ಲಿ ಕೊಳಲು. ಚಿತ್ರ ಮುಗಿದ ಮೇಲೆ ಮಾನ್ಯರು ಮೈಕ್ ಹಿಡಿದು ‘ಇಂಥ ಜನ ಈಗಲೂ ಇದ್ದಾರಾ?’ ಎಂದು ಕೇಳಿದರಂತೆ.

ಇದ್ದಾರೆ ಸ್ವಾಮಿ. ನಿಮ್ಮ ಮತದಾರರ ಪಟ್ಟಿಯಲ್ಲೇ ಇದ್ದಾರೆ. ಚುನಾವಣೆ ಹೊತ್ತಿಗೆ ಅದೇ ಸಂಕದ ತನಕ ಬಂದು, ಒಮ್ಮೆ ಕೆಳಗೆ ನೋಡಿ, ಈಚೆ ದಡದಿಂದಲೇ ಕೈಮುಗಿದು ಹೋಗಿದ್ದಿರಿ.

ಆ ಜನಪ್ರತಿನಿಧಿಗಳ ಕಣ್ಣೀರನ್ನು ನಾನು ಅನುಮಾನಿಸುವುದಿಲ್ಲ. ಅರ್ಜಿ ಓದಿ ಅಳುವುದು ಯಾರಿಗಾದರೂ ಕಷ್ಟವೇ. ಅದೇ ಊರಿನವರು ಕೊಡುತ್ತ ಬಂದ ಮನವಿಗಳಲ್ಲಿ ಕೊಳಲಿನ ದನಿ ಎಲ್ಲಿತ್ತು? ಡ್ರೋನ್ ಎಲ್ಲಿತ್ತು? ಬಿಳಿ ಹಾಳೆ, ನೀಲಿ ಶಾಯಿ, ಮೂಲೆಯಲ್ಲಿ ‘ಅನುದಾನದ ಲಭ್ಯತೆ ನೋಡಿ ಪರಿಶೀಲಿಸುವುದು’ ಎಂಬ ಷರಾ. ಹಾಗಾಗಿ ಇನ್ನು ಮುಂದೆ ಮನವಿ ಕೊಡುವವರು ಪಹಣಿ, ಆಧಾರ್ ಜೆರಾಕ್ಸ್ ಜೊತೆಗೆ ಒಂದು ಕೊಳಲಿನ ಆಡಿಯೊ ಲಗತ್ತಿಸುವುದು ಕ್ಷೇಮ.

ಈ ಕೊಳಲು ಎಲ್ಲಿಂದ ಬಂತೋ ನನಗೆ ತಿಳಿಯದು. ಮಲೆನಾಡಿನ ಮಳೆಗಾಲದಲ್ಲಿ ಕೇಳುವುದು ಹಂಚಿನ ಮೇಲಿನ ಮಳೆ, ಕಪ್ಪೆ, ಜೀರುಂಡೆ, ಪಕ್ಕದ ಮನೆಯವರ ಕೆಮ್ಮು. ಆಷಾಢದಲ್ಲಿ ಕೊಳಲು ಊದುವವನನ್ನು ನಾನಂತೂ ನೋಡಿಲ್ಲ. ಆದರೂ ಬಡವರು ತೆರೆ ಮೇಲೆ ಬಂದ ಕೂಡಲೇ ಅದು ಶುರುವಾಗುತ್ತದೆ, ಕ್ಯಾಮೆರಾ ಸುಕ್ಕುಗಟ್ಟಿದ ಅಂಗೈಯನ್ನು ಹುಡುಕಿಕೊಂಡು ಹೋಗುತ್ತದೆ.

ಅಡಿಕೆ ಕೊನೆ ಕೊಯ್ಯುವ ನಮ್ಮ ಕಡೆಯ ಒಬ್ಬ ಕೊನೆಗಾರನ ಮೇಲೂ ಹೀಗೇ ಚಿತ್ರ ತೆಗೆದರು. ಈಗಿನ ಕಾಲದಲ್ಲಿ ಕೊನೆಗಾರ ಎಂದರೆ ಏನೆಂದು ಅಡಿಕೆ ತೋಟ ಇದ್ದವರನ್ನು ಕೇಳಿ. ಮದುವೆ ಛತ್ರ ಸಿಕ್ಕೀತು, ಕೊನೆಗಾರ ಸಿಗುವುದಿಲ್ಲ. ಸುಗ್ಗಿಯಲ್ಲಿ ಅವನ ಫೋನಿಗೆ ತೋಟದ ಒಡೆಯರೇ ಸರತಿಯಲ್ಲಿ ಕಾಯಬೇಕು. ಇಂಥವನ ‘ಮೂಕ ವೇದನೆ’ ಹಿಡಿಯಲು ಬೆಂಗಳೂರಿನಿಂದ ಹುಡುಗರು ಬಂದರು. ಬಂದವರು ಮೊದಲು ಅವನ ಬೈಕನ್ನು ಕೊಟ್ಟಿಗೆ ಹಿಂದೆ ನಿಲ್ಲಿಸಿದರು. ಆಮೇಲೆ ಅಂಗಿ ತೀರಾ ಹೊಸದಾಯಿತು ಎಂದರು. ಕೊನೆಗೆ ‘ಅಣ್ಣಾ, ಸ್ವಲ್ಪ ಬೇಜಾರಲ್ಲಿ ಮೇಲೆ ನೋಡಿ’ ಎಂದರು.

‘ಬೇಜಾರಲ್ಲಿ ಮರ ಹತ್ತಿದ್ರೆ ಬೀಳ್ತೀನಿ ಮಾರಾಯ್ರೆ,’ ಎಂದ ಅವನು.

ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಫೈಬರ್ ದೋಟಿಯನ್ನು ಹೆಮ್ಮೆಯಿಂದ ತೋರಿಸಲು ಹೋದರೆ ಹುಡುಗರ ಮುಖ ಬಾಡಿತು. ದೋಟಿ ಬಂದರೆ ಸಂಕಟ ಎಲ್ಲಿ ಉಳಿಯಿತು? ಅವನಿಗೆ ಹೇಳಲು ಬೇರೆಯೇ ಒಂದು ವಿಷಯವಿತ್ತು. ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಜೊತೆಗಾರನ ವಿಮೆ ಕಾಗದ ಯಾವ ಮೇಜಿನ ಮೇಲೆ ಕೂತಿದೆ ಎಂಬುದು. ಅದನ್ನೂ ಚಿತ್ರೀಕರಿಸಿದರು, ಆಮೇಲೆ ‘ಫ್ಲೋ ಕೆಡುತ್ತದೆ’ ಎಂದು ಕತ್ತರಿಸಿದರು.

ಆ ಹುಡುಗರನ್ನು ಬೈಯಲು ಮನಸ್ಸು ಬರುವುದಿಲ್ಲ. ಬಾಡಿಗೆ ಕ್ಯಾಮೆರಾ ಹೊತ್ತು, ಉಂಬಳ ಕಚ್ಚಿಸಿಕೊಂಡು, ಶಾಲೆ ಜಗಲಿಯಲ್ಲಿ ಮಲಗಿ ಎದ್ದವರು. ಕೊಳಲಿಲ್ಲದೆ ವಿಮೆ ಕಾಗದ ತೋರಿಸಿದರೆ ಬಹುಮಾನ ಬರುವುದಿಲ್ಲ ಎಂದು ಅವರಿಗೆ ಕಲಿಸಿದವರು ನಾವು, ಸೋಫಾದವರು.

ಸಿಗಂದೂರು ಲಾಂಚನ್ನೇ ನೋಡಿ. ಶರಾವತಿ ಹಿನ್ನೀರಿನ ಮೇಲೆ ಮಂಜು, ಬಸ್ಸನ್ನೇ ಹೊತ್ತು ತೇಲುವ ಲಾಂಚು, ಹಿಂದೆ ಸೂರ್ಯಾಸ್ತ. ಎಷ್ಟು ಕ್ಯಾಮೆರಾಗಳ ಹೊಟ್ಟೆ ತುಂಬಿಸಿತು ಅದು! 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದೇ ತಡ, ‘ಒಂದು ಯುಗದ ಅಂತ್ಯ’ ಎಂದು ಪೇಟೆಯವರು ನಿಟ್ಟುಸಿರಿಟ್ಟರು. ಸಂಜೆ ಲಾಂಚು ನಿಂತ ಮೇಲೆ ದಡಕ್ಕೆ ಬಂದು, ಹೆರಿಗೆ ನೋವಿನವಳನ್ನು ಕೂರಿಸಿಕೊಂಡು ಆಚೆಗೆ ಕೂಗು ಹಾಕಿದ, ಹಿನ್ನೀರಿನಾಚೆಯ ತುಮರಿ ಕಡೆಯವರು ಯಾರೂ ನಿಟ್ಟುಸಿರಿಟ್ಟ ಹಾಗೆ ಕಾಣಲಿಲ್ಲ.

ಬೇಸಿಗೆಯಲ್ಲಿ, ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ತೀರಾ ಇಳಿದರೆ ಇನ್ನೊಂದು ಹಬ್ಬ. ಅದರಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಬರುತ್ತದೆ, ಡ್ರೋನುಗಳು ಹದ್ದಿನ ಹಾಗೆ ಸುತ್ತುತ್ತವೆ. ‘ಮುಳುಗಿದ ಲೋಕದ ಮೌನ’ ಇತ್ಯಾದಿ. ಮೌನವಂತೆ! ಆ ಲೋಕದವರು ಎಲ್ಲಿಗೂ ಹೋಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಲಾರಿಯಲ್ಲಿ ತುಂಬಿ ತಂದು ಕಾಡಿನಂಚಿನಲ್ಲಿ ಇಳಿಸಿದ ಜನರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕೂತು ಮಾತಾಡುತ್ತಲೇ ಇದ್ದಾರೆ. ಉತ್ತಿದ ನೆಲ ಕಂದಾಯದ್ದೋ ಅರಣ್ಯದ್ದೋ ಎಂದು ಅರವತ್ತು ವರ್ಷ ಕಳೆದರೂ ಎಷ್ಟೋ ಮಂದಿಗೆ ಖಚಿತವಾಗಿ ಬರೆದು ಕೊಟ್ಟವರಿಲ್ಲ. ನೀರು ಪೂರ್ಣ ಮಟ್ಟವಾದ 1,819 ಅಡಿಗೆ ಎಷ್ಟು ಕಡಿಮೆ ಇದೆ ಎಂದು ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಬರುತ್ತದೆ, ಹಕ್ಕುಪತ್ರ ಎಷ್ಟು ಕಡಿಮೆ ಇದೆ ಎಂದು ಬರುವುದಿಲ್ಲ. ಇವರ ಮನೆ ಮುಳುಗಿಸಿ ಮಾಡಿದ ಕರೆಂಟಿನಲ್ಲೇ ಶಿವಮೊಗ್ಗದ ಆ ಹಾಲ್‌ನ ಎ.ಸಿ. ಓಡುತ್ತದೆ, ಪ್ರೊಜೆಕ್ಟರೂ ಓಡುತ್ತದೆ. ಅಳುವುದು ಬೇಡ. ಒಂದು ಸಹಿ ಹಾಕಿ. ಅಳದೇ ಹಾಕಿ, ನಗುತ್ತಲೇ ಹಾಕಿ, ಯಾರಿಗೆ ಏನು?

ಇರಲಿ, ರಕ್ತದೊತ್ತಡ ಏರುತ್ತದೆ.

ಅದೇ ಹಿನ್ನೀರಿನ ಅಂಚಿನ ಇನ್ನೊಂದು ಊರಿನ ಕಥೆ ಹೇಳುತ್ತೇನೆ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಹುಡುಗರು ಆನ್‌ಲೈನ್ ಫಾರ್ಮ್ ತುಂಬಲು ಗುಡ್ಡ ಹತ್ತುತ್ತಾರೆ ಎಂದು ಒಂದು ತಂಡ ಬಂದು ಚಿತ್ರ ಮಾಡಿತು. ಚೆನ್ನಾಗಿಯೇ ಬಂದಿದೆಯಂತೆ. ಅದನ್ನು ಯೂಟ್ಯೂಬಿಗೆ ಹಾಕಿ ಊರಿನವರಿಗೆ ‘ಎಲ್ಲರೂ ನೋಡಿ, ಶೇರ್ ಮಾಡಿ’ ಎಂದು ಸಂದೇಶ ಕಳಿಸಿದರು. ಸಂದೇಶ ತಲುಪಿದ್ದು ಯಾರೋ ಸಾಗರ ಪೇಟೆಗೆ ಹೋಗಿದ್ದಾಗ. ಸರಿ, ಭಾನುವಾರ ಇಡೀ ಊರು ಛತ್ರಿ ಹಿಡಿದು ಗುಡ್ಡ ಹತ್ತಿತು. ಮೇಲೆ ಒಂದೇ ಫೋನಿನ ಸುತ್ತ ಕೂತು, ಸುತ್ತು ಹೊಡೆಯುವ ಚಕ್ರ ನೋಡುತ್ತ, ತಾವು ಗುಡ್ಡ ಹತ್ತುವುದನ್ನು ತಾವೇ ನೋಡಿ ಇಳಿದು ಬಂದರು.

ಈ ಸುದ್ದಿ ಹೇಗೋ ಬೆಂಗಳೂರು ಮುಟ್ಟಿದೆ. ಈಗ ಎರಡನೇ ತಂಡ ಬಂದು, ಜನ ಮೊದಲ ಚಿತ್ರ ನೋಡಲು ಗುಡ್ಡ ಹತ್ತಿದ್ದನ್ನು ಮತ್ತೊಮ್ಮೆ ಹತ್ತಿಸಿ ಚಿತ್ರೀಕರಿಸಿಕೊಂಡು ಹೋಗಿದೆ. ಮುಗಿದ ಮೇಲೆ ಲಿಂಕ್ ಕಳಿಸುತ್ತಾರಂತೆ.