ಹಳೆ ಗಾರೆ ಗೋಡೆಗೆ ಸಿಮೆಂಟ್ ಬಲ ಕೊಡುವುದಿಲ್ಲ: ಒಂದು ಸ್ಪಷ್ಟನೆ

‘ನಗರದ ಹಳೆ ಕಟ್ಟಡಗಳಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಇನ್ನೂ ನೂರು ವರ್ಷ ಬಾಳುತ್ತವೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹಂಚುತ್ತಿರುವವರ ಕಾಳಜಿ ನಿಜವಾದದ್ದೇ. ಆದರೆ ಮಾತು ತಪ್ಪು.

ಇಂದು ನಾವು ಸಾಮಾನ್ಯವಾಗಿ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟ್‌ಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅದಕ್ಕೂ ಹಿಂದಿನ ಇಟ್ಟಿಗೆ, ಕಲ್ಲಿನ ಕಟ್ಟಡಗಳಲ್ಲಿ ಹೆಚ್ಚಿನವು ಸುಣ್ಣದ ಗಾರೆ ಇಲ್ಲವೇ ಮಣ್ಣನ್ನು ನಂಬಿ ನಿಂತಿವೆ. ಸುಣ್ಣದ ಗಾರೆಯ ತುಂಬ ಸಣ್ಣ ಸಣ್ಣ ರಂಧ್ರಗಳು. ನೆಲದಿಂದ ಏರಿದ ತೇವ, ಮಳೆಯಲ್ಲಿ ಹೀರಿದ ನೀರು ಅಲ್ಲಿಂದಲೇ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ನೀರಿನ ಜೊತೆ ಬಂದ ಉಪ್ಪು ಒಳಗೆ ಹರಳುಗಟ್ಟಿ ಇಟ್ಟಿಗೆಯ ಮೈ ಪುಡಿಯಾಗುತ್ತದೆ. ಹೊರಗಿಂದ ನೋಡಿದರೆ ಗೋಡೆ ಚೆನ್ನಾಗೇ ಇರುತ್ತೆ, ಅಲ್ವಾ? ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಗೋಡೆಯಿಂದ ಬಿಟ್ಟುಕೊಂಡಿದೆ.

ಹಾಗಂತ ಹೊಸ ವಿಧಾನವೇ ಬೇಡ ಎಂದಲ್ಲ. ಹಳೆಯ ಪದ್ಧತಿ ಸಾಲದ ಕಡೆ, ಪರೀಕ್ಷೆಯಲ್ಲಿ ಗೆದ್ದ ಹೊಸ ತಂತ್ರ ಬಳಸಬಹುದು ಎಂದು ಹಳೆ ಸ್ಮಾರಕಗಳ ಸಂರಕ್ಷಣೆಗೆ ತಜ್ಞರು ಒಪ್ಪಿಕೊಂಡ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದೇ ಹೇಳುತ್ತದೆ.

ಅದೇ ಸಂದೇಶದಲ್ಲಿ ‘ಇದು ಎಂಜಿನಿಯರ್ ಕೆಲಸ, ಜನರಿಗೇನು ಗೊತ್ತು’ ಎಂದೂ ಇದೆ. ಇದು ನನಗೆ ಜಾಸ್ತಿ ನೋವು ಕೊಟ್ಟ ಸಾಲು. ಕಟ್ಟಿಕೊಂಡ ಮಳೆನೀರಿನ ಕೊಳವೆ, ಬಿರುಕಿನಲ್ಲಿ ಚಿಗುರಿದ ಗಿಡ ಮೊದಲು ಕಾಣುವುದು ಅಕ್ಕಪಕ್ಕದವರಿಗೇ. ಗಿಡವನ್ನು ಸುಮ್ನೆ ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಸಡಿಲವಾಗುತ್ತದೆ. ತಾರೀಕು ಹಾಕಿ ಫೋಟೊ ತೆಗೆದಿಡಿ. ಬಿರುಕು ಬೆಳೆಯುತ್ತಿದೆಯೇ ಎಂದು ಹೇಳಲು ದುರಸ್ತಿಗೆ ಬಂದವರಿಗೆ ಆ ಫೋಟೊ ಬೇಕೇ ಬೇಕು.