ಛತ್ರಿ ನಿಷೇಧಿಸಿ, ಮಳೆ ನಿಲ್ಲುತ್ತೆ

ಮಡಿಕೇರಿಯಲ್ಲಿ ಜೂನ್ ಬಂತೆಂದರೆ ಛತ್ರಿ ವ್ಯಾಪಾರ ಜೋರು. ಅದರ ಬೆನ್ನಿಗೇ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಬರೆ (ಗುಡ್ಡದ ಕಡಿದಾದ ಬದಿ) ಜಾರುತ್ತದೆ. ಬೇಸಿಗೆಯಲ್ಲಿ ಛತ್ರಿ ಕೇಳುವವರಿಲ್ಲ, ಬರೆಯೂ ತೆಪ್ಪಗಿರುತ್ತದೆ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಆದ್ದರಿಂದ ಕೊಡಗಿನಲ್ಲಿ ಕೂಡಲೇ ಛತ್ರಿ ನಿಷೇಧಿಸಬೇಕೆಂದು ಈ ಮೂಲಕ ಆಗ್ರಹಿಸುತ್ತೇನೆ.

ನಗಬೇಡಿ. ಶಾಲು ಹೊದ್ದುಕೊಂಡು ಮೈಕ್ ಮುಂದೆ ನಿಂತವರು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. "ಮೊಬೈಲ್‌ನಿಂದ ಮಕ್ಕಳ ಮನಸ್ಸು ಹಾಳಾಗಿದೆ, ಸರ್ವೆಯಲ್ಲಿ ಸಾಬೀತಾಗಿದೆ!" ಸರ್ವೆ ಅಂದರೆ ಏನು? ಒಂದು ಫಾರ್ಮು. ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡುತ್ತೀಯ? ಕಳೆದ ವಾರ ಎಷ್ಟು ದಿನ ಬೇಜಾರಾಗಿತ್ತು? ಮಕ್ಕಳು ಪಕ್ಕದವರದ್ದು ನೋಡಿಕೊಂಡು ಟಿಕ್ ಹಾಕುತ್ತಾರೆ. ಮೇಷ್ಟ್ರು ಕೂಡಿಸುತ್ತಾರೆ. ಮೊಬೈಲ್ ಜಾಸ್ತಿ ನೋಡುವವರಿಗೆ ಬೇಜಾರೂ ಜಾಸ್ತಿ ಅಂತ ಬರುತ್ತದೆ. ಮುಗೀತು, ಕೇಸು ಕ್ಲೋಸ್.

ಇದಕ್ಕೆ ಸಹಸಂಬಂಧ ಅಂತ ಹೆಸರು. ಕಾರ್ಲ್ ಪಿಯರ್ಸನ್ ಎಂಬ ಇಂಗ್ಲಿಷ್ ಗಣಿತಜ್ಞ ಇದನ್ನು ಅಳೆಯುವ ಲೆಕ್ಕ ಕೊಟ್ಟ. ಉತ್ತರ −1 ಮತ್ತು +1ರ ನಡುವೆ ಎಲ್ಲೋ ಬರುತ್ತದೆ. ಎರಡು ಸಂಗತಿ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅಂತ ಅದು ಹೇಳುತ್ತದೆ. ಯಾವುದು ಯಾವುದನ್ನು ಎಳೆಯಿತು ಅಂತ ಹೇಳುವುದಿಲ್ಲ.

ತೋಟದ ನಡುವಿನ ಒಂಟಿ ಮನೆಯ ಹುಡುಗನನ್ನು ತಗೊಳ್ಳಿ. ಆಡಲು ಪಕ್ಕದ ಮನೆ ಅಂತಲೇ ಇಲ್ಲ. ಹೊತ್ತು ಮುಳುಗಿತೋ, ಆನೆ ಭಯ. ಗೇಟಿನ ಹತ್ತಿರವೂ ಬಿಡುವುದಿಲ್ಲ. ಒಳಗೆ ಕೂತವನ ಕೈಗೆ ಅಮ್ಮನ ಮೊಬೈಲು. ಅವನಿಗೆ ಬೇಜಾರಾಗಿದ್ದು ಮೊಬೈಲ್‌ನಿಂದಲೋ, ಬೇಜಾರಾಗಿಯೇ ಮೊಬೈಲ್ ಹಿಡಿದನೋ, ಅಥವಾ ಎರಡಕ್ಕೂ ಕಾರಣ ಲೈನ್ ಮನೆ (ತೋಟದ ಕೆಲಸಗಾರರ ಸಾಲು ಮನೆ) ಹಿಂದೆ ಹಲಸಿನ ಹಣ್ಣು ತಿನ್ನುತ್ತಾ ನಿಂತಿರುವ ಸಲಗವೋ? ಫಾರ್ಮಿನಲ್ಲಿ ಆನೆಗೆ ಕಾಲಂ ಇಲ್ಲ.

ಖಚಿತವಾಗಿ ಗೊತ್ತಾಗಬೇಕು ಅಂದರೆ ಪ್ರಯೋಗ ಮಾಡಬೇಕು. ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪು ಮಾಡಿ. ಒಂದು ಗುಂಪಿಗೆ ತಿಂಗಳು ಪೂರ್ತಿ ಮೊಬೈಲ್ ಇಲ್ಲ, ಇನ್ನೊಂದು ಎಂದಿನಂತೆ. ಒಂಟಿ ಮನೆಯವರು, ಪೇಟೆಯವರು, ಮೊದಲೇ ಸಪ್ಪೆ ಮುಖದವರು ಎಲ್ಲರೂ ಎರಡೂ ಕಡೆ ಹಂಚಿಹೋಗುತ್ತಾರೆ. ಚೀಟಿಯ ಮಹಿಮೆಯೇ ಅದು. ಆದರೆ ನಮ್ಮಲ್ಲಿ ಚೀಟಿ ಎತ್ತಿದ ಮರುದಿನ ಅಧ್ಯಕ್ಷರ ಫೋನ್ ಬರುತ್ತದೆ. "ನಮ್ಮ ಮೊಮ್ಮಗನನ್ನು ಮೊಬೈಲ್ ಇರೋ ಗುಂಪಿಗೆ ಹಾಕಿ ಮಾರಾಯ್ರೇ, ಮನೆಯಲ್ಲಿ ತಡ್ಕೊಳ್ಳೋಕಾಗಲ್ಲ." ಅಲ್ಲಿಗೆ ವಿಜ್ಞಾನ ಮುಗಿಯಿತು.

ಇದು ನಮ್ಮೂರಿನ ರೋಗ ಮಾತ್ರ ಅಂದುಕೊಳ್ಳಬೇಡಿ. 2012ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದು ಲಘು ಧಾಟಿಯ ಒಂದು ಲೇಖನ ಛಾಪಿಸಿತು. 23 ದೇಶಗಳ ಲೆಕ್ಕ. ಚಾಕೊಲೇಟ್ ಜಾಸ್ತಿ ತಿನ್ನುವ ದೇಶಕ್ಕೆ ತಲಾವಾರು ನೊಬೆಲ್ ಬಹುಮಾನವೂ ಜಾಸ್ತಿ. ಸಹಸಂಬಂಧ 0.79! ದುಡ್ಡಿದ್ದ ದೇಶ ಚಾಕೊಲೇಟೂ ಕೊಳ್ಳುತ್ತದೆ, ಪ್ರಯೋಗಾಲಯವೂ ಕಟ್ಟುತ್ತದೆ ಅನ್ನುವುದು ಹೊಳೆಯಲು ಜಾಸ್ತಿ ಬುದ್ಧಿ ಬೇಡ. ಆದರೂ ಜಗತ್ತಿನ ಪತ್ರಿಕೆಗಳು ಗಂಭೀರವಾಗಿಯೇ ಬರೆದವು. ಅದೇ ಲೆಕ್ಕ ಹಿಡಿದರೆ, 'ಹೋಂ ಮೇಡ್ ಚಾಕೊಲೇಟ್' ಬೋರ್ಡಿಗೆ ಬರವಿಲ್ಲದ ಮಡಿಕೇರಿಗೆ ಇಷ್ಟರಲ್ಲಿ ನಾಲ್ಕಾದರೂ ನೊಬೆಲ್ ಬರಬೇಕಿತ್ತು.

ಇಲ್ಲಿಯವರೆಗೆ ತಮಾಷೆ. ಮಜಾ ಇರುವುದು ಮುಂದೆ. ಕಾಗೆ ಕೂತಿದ್ದಕ್ಕೇ ಕೊಂಬೆ ಮುರಿಯಿತು ಅಂತ ಬೆಳಿಗ್ಗೆ ಭಾಷಣ ಮಾಡಿದ ಮನುಷ್ಯನೇ ಮಧ್ಯಾಹ್ನ ಮಹಾ ವಿಜ್ಞಾನಿಯಾಗುತ್ತಾನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿ ಮನೆ, ತೋಟ, ಜನ ಮಣ್ಣಾದಾಗ ಭೂವಿಜ್ಞಾನಿಗಳು ಭಾರೀ ಮಳೆಯ ಜೊತೆಗೆ ಇಳಿಜಾರು ಕಡಿದದ್ದರ ಕಡೆಗೂ ಬೆರಳು ತೋರಿಸಿದರು. ರಸ್ತೆಗೆ, ಮನೆಗೆ, ರೆಸಾರ್ಟಿಗೆ ಅಂತ ಕಡಿದದ್ದು. ಆಗ ನಮ್ಮ ಭಾಷಣಕಾರರು ಏನಂತಾರೆ? "ಹಾಗೆಲ್ಲ ಹೇಳೋಕಾಗಲ್ಲ ಸಾರ್. ಅದು ಬರೀ ಸಹಸಂಬಂಧ. ಪ್ರೂಫ್ ಎಲ್ಲಿದೆ?" ಇವರದೂ ಒಂದು ಹೋಂ ಸ್ಟೇ ಇದೆ, ವ್ಯೂ ಚೆನ್ನಾಗಿದೆ.

ಈ ವರಸೆಗೆ ದೊಡ್ಡ ಗುರುವೇ ಇದ್ದಾನೆ. ಚೀಟಿ ಎತ್ತಿ ಪ್ರಯೋಗ ಮಾಡುವ ವಿಧಾನಕ್ಕೆ ಶಾಸ್ತ್ರದ ರೂಪ ಕೊಟ್ಟವನೇ ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್. ಅವನು ಪೈಪ್ ಸೇದುತ್ತಿದ್ದ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಅಂತ 1950ರ ದಶಕದಲ್ಲಿ ಪುರಾವೆ ರಾಶಿ ಬೀಳುತ್ತಿದ್ದಾಗ, ಸಹಸಂಬಂಧ ಸಾಕಾಗದು, ಎರಡಕ್ಕೂ ಹುಟ್ಟುಗುಣವೇ ಕಾರಣ ಇರಬಹುದು ಅಂತ ವಾದಿಸಿದ. ತಂಬಾಕು ಕಂಪನಿಗಳ ಸಮಿತಿಗೆ ಸಲಹೆಗಾರನೂ ಆಗಿದ್ದ. ಜನರನ್ನು ಚೀಟಿ ಎತ್ತಿ ಸಿಗರೇಟು ಸೇದಿಸಲು ಯಾರಿಗೂ ಆಗಲಿಲ್ಲ, ಆಗಬಾರದು ಕೂಡ. ಆದರೂ ಬೇರೆ ಬೇರೆ ದಾರಿಯಲ್ಲಿ ಬಂದ ಪುರಾವೆಗಳೆಲ್ಲ ಸಿಗರೇಟಿನ ಕಡೆಗೇ ಕೈ ತೋರಿಸಿದವು. ಫಿಷರ್ ಸೋತ.

ಇರಲಿ, ನಮ್ಮವರಿಗೆ ಪ್ರಯೋಗವೇ ಬೇಕು ಅಂದರೆ ಮಾಡೋಣ. ಒಂದೇ ಥರದ ಮಣ್ಣು, ಒಂದೇ ಥರದ ಇಳಿಜಾರಿನ ಗುಡ್ಡಗಳನ್ನು ಆರಿಸಿ ಚೀಟಿ ಎತ್ತೋಣ. ಅರ್ಧಕ್ಕೆ ಜೆಸಿಬಿ, ಅರ್ಧ ಹಾಗೇ ಬಿಡುವುದು. ಜೆಸಿಬಿ ಗುಂಪಿಗೆ ಗುಡ್ಡಗಳ ಕೊರತೆಯಿಲ್ಲ, ಮಾಲೀಕರೇ ಖರ್ಚು ಹಾಕಿ ಮುಗಿಸಿದ್ದಾರೆ. ಹಾಗೇ ಬಿಡುವ ಗುಂಪಿಗೆ ಮಾತ್ರ ನಾಪೋಕ್ಲಿನಿಂದ ಮಾದಾಪುರದವರೆಗೆ ಹುಡುಕಬೇಕು. ಸಿಕ್ಕರೆ ಬೇಗ ಹೇಳಿ, ಸೈಟ್ ಅಂತ ಬೋರ್ಡ್ ಬೀಳುವ ಮೊದಲು.